ಬದುವಿನ ಇಲಿಗಳು

ಬಿತ್ತನೆಗೆಂದು ಕಟ್ಟಿಟ್ಟಿದ್ದ ಮೆಕ್ಕೆಜೋಳದ ಚೀಲಕ್ಕೆ ಇಲಿ ತೂತು ಕೊರೆದಾಗ ಅಣ್ಣ ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿತ್ತು. ಆದರೆ ಹೆಂಡತಿ ಬಂದು ನೋಡಿದರೆ, ಆತ ಆ ತೂತಿನಲ್ಲಿ ಬೆರಳಾಡಿಸುತ್ತ, ಮಗಳಿಗೆ ಒಳ್ಳೆ ಸಂಬಂಧ ಕುದುರಿಸಿದವನ ಹಾಗೆ ಮುಗುಳ್ನಗುತ್ತಿದ್ದ.

ಕಾರಣವಿತ್ತು. ಹಿಂದಿನ ದಿನ ಕೃಷಿ ಇಲಾಖೆಯವರು ಬಂದು ಹೊಲ ನೋಡಿ ಹೋಗಿದ್ದರು. ಅವನ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವಿನ ಬದು ಜರಡಿಯಂತಾಗಿತ್ತು. ಒಂದು ಕಡೆ ಹೊಗೆ ಹಾಕಿದರೆ ಇಲಿಗಳು ಇನ್ನೊಂದು ಕಡೆ ಬಿಡಾರ ಹೂಡುತ್ತವೆ, ಅಣ್ಣತಮ್ಮ ಇಬ್ಬರೂ ಒಂದೇ ದಿನ, ಒಂದೇ ಹೊತ್ತಿಗೆ ಹಾಕಬೇಕು ಎಂದಿದ್ದರು ಅವರು. ಒಂಬತ್ತು ವರ್ಷಗಳಿಂದ ಆ ಇಬ್ಬರಿಗೆ ಮಾತಿಲ್ಲ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಪಾಲಾದ ದಿನ ಹೊಲ, ಕೋಳಿ, ಪಾತ್ರೆ ಎಲ್ಲ ಸುಸೂತ್ರವಾಗಿ ಹಂಚಿಹೋಗಿ ಕೊನೆಗೆ ಒಂದು ಏಣಿ ಉಳಿದಿತ್ತು. ಅಷ್ಟು ಆಸೆಯಿದ್ದರೆ ಕೊಯ್ದು ಅರ್ಧ ತಗೋ ಎಂದ ಅಣ್ಣ. ತಮ್ಮ ಗರಗಸ ತಂದ. ಅಂದಿನಿಂದ ಇಬ್ಬರಿಗೂ ಅವರವರ ಅಟ್ಟ ಎಟುಕುತ್ತಿರಲಿಲ್ಲ, ಒಬ್ಬರಿಗೊಬ್ಬರೂ ಎಟುಕುತ್ತಿರಲಿಲ್ಲ.

ಸುದ್ದಿ ಮುಟ್ಟಿಸುವ ಕೆಲಸವನ್ನು ಪಕ್ಕದ ಮನೆಯ ಟೈಲರ್ ಮೈಮೇಲೆ ಎಳೆದುಕೊಂಡ. ಅವನ ಕೈಗೆ ಕೊಟ್ಟ ಮಾತೂ ಬಟ್ಟೆಯ ಹಾಗೆಯೇ, ಅಳತೆ ಒಂದು ಹೊಲಿಗೆ ಇನ್ನೊಂದು. ಹೊಗೆ ಕಣ್ಣಿಗೆ ಹತ್ತೀತು, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಬರಲಿ ಎಂದು ಅಣ್ಣ ಹೇಳಿ ಕಳಿಸಿದ್ದು, ಮುಖ ಮುಚ್ಚಿಕೊಂಡು ಬಾ, ನೋಡೋಕಾಗಲ್ಲ ಎಂದಾಗಿ ತಮ್ಮನನ್ನು ಮುಟ್ಟಿತು. ತೋರಿಸೋಕೆ ನಂಗೂ ಇಷ್ಟವಿಲ್ಲ ಎಂಬ ಉತ್ತರ, ಆಗಲಿ ಎಂದಾಗಿ ಅಣ್ಣನಿಗೆ ಬಂತು.

ಇಬ್ಬರೂ ಸಂಜೆ ತಂತಮ್ಮ ಕಡೆಯ ಬಿಲಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿದರು. ಬೆಳಗ್ಗೆ ಯಾವುದು ತೆರೆದಿರುತ್ತದೋ ಅದರಲ್ಲಿ ಇಲಿ ಇದೆ ಎಂದು ಲೆಕ್ಕ. ಹದಿನೇಳು ತೆರೆದಿದ್ದವು. ಅಣ್ಣ ಹೊಗೆ ಮಡಕೆ ಹಿಡಿದು ಹೋದಾಗ ಬದುವಿನ ಆಚೆ ತಮ್ಮನ ಚೌಕಳಿ ಅಂಗಿ ಆಗಲೇ ಬಗ್ಗಿ ನಿಂತಿತ್ತು, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು. ನನ್ನ ಮಾತು ಕೇಳಿದನಲ್ಲ ಎಂದು ಅಣ್ಣನ ಎದೆ ತುಂಬಿ ಬಂತು. ತಮ್ಮ ಸ್ವಲ್ಪ ದಪ್ಪಗಾಗಿದ್ದಾನೆ ಅಂದುಕೊಂಡ. ಒಂಬತ್ತು ವರ್ಷದಲ್ಲಿ ಯಾರು ತಾನೇ ಆಗುವುದಿಲ್ಲ?

ಮೂರನೇ ಬಿಲಕ್ಕೆ ಹೊಗೆ ಊದುತ್ತಿದ್ದಾಗ ಒಂದು ಇಲಿ ಹೊರಗೆ ನೆಗೆದು ಅಣ್ಣನ ಪ್ಯಾಂಟಿನೊಳಗೆ ನುಗ್ಗಿತು. ಅವನು ಕುಣಿದ ಕುಣಿತಕ್ಕೆ ಆಚೆಯ ಭುಜಗಳು ಗಡಗಡ ಅಲುಗಿದವು. ತಮ್ಮ ನಗುತ್ತಿದ್ದ! ಇಲಿ ಇಳಿದುಹೋದ ಮೇಲೂ ಅಣ್ಣ ಇನ್ನೆರಡು ಹೆಜ್ಜೆ ಕುಣಿದ.

ಆಮೇಲೆ ಧೈರ್ಯ ಮಾಡಿ, ತಾನು ತಂದಿದ್ದ ನೀರಿನ ಬಕೆಟ್ಟನ್ನು ಬದುವಿನ ಮೇಲಿಟ್ಟು ಆ ಬಕೆಟ್ಟಿಗೇ ಹೇಳಿದ, ಬಾಯಾರಿದವರು ಯಾರಾದರೂ ಇದ್ದರೆ ನೀರು ಕುಡಿಯಲಿ ಅಂತ. ಟವೆಲ್ ಮುಖ ಆಚೆ ತಿರುಗಿ ಕುಡಿದು, ಬಕೆಟ್ಟನ್ನು ಮೆಲ್ಲಗೆ ಈಚೆ ತಳ್ಳಿತು. ಅಷ್ಟು ಸಾಕಾಯಿತು. ಬಿಲದಿಂದ ಬಿಲಕ್ಕೆ ಹೋಗುತ್ತ ಅಣ್ಣ ಒಂಬತ್ತು ವರ್ಷದ್ದನ್ನೆಲ್ಲ ಬಕೆಟ್ಟಿಗೆ ತೋಡಿಕೊಂಡ. ಅವ್ವ ಕಣ್ಣು ಮುಚ್ಚುವ ಮುಂಚೆ ಇಬ್ಬರ ಹೆಸರನ್ನೂ ಒಟ್ಟಿಗೇ ಕರೆದದ್ದು, ತಮ್ಮನ ಮನೆಯ ದೀಪ ಆರುವವರೆಗೆ ತನಗೆ ನಿದ್ದೆ ಹತ್ತದಿರುವುದು, ಎಲ್ಲವನ್ನೂ. ಹದಿನಾರನೇ ಬಿಲದ ಹತ್ತಿರ ಬಕೆಟ್ಟನ್ನೂ ಬಿಟ್ಟು ನೇರವಾಗಿ ಹೇಳಿದ:

"ಏಣಿ ಕೊಯ್ಯಿ ಅಂದಿದ್ದು ನಾನೇ ಕಣೋ. ನಿಜವಾಗ್ಲೂ ಕೊಯ್ತೀಯ ಅಂದ್ಕೊಂಡಿರ್ಲಿಲ್ಲ."

ಆಚೆಯಾತ ಟವೆಲ್ ಬಿಚ್ಚಿ ಕಣ್ಣೊರೆಸಿಕೊಂಡ. ದಪ್ಪ ಮೀಸೆ, ಗುರುತಿಲ್ಲದ ಮುಖ.

"ನಾನು ಅವರ ಬಾಮೈದ. ಬಸ್ ಡ್ರೈವರ್," ಎಂದ. "ನಿನ್ನೆ ಬಿಲ ಮುಚ್ಚೋವಾಗ ಭಾವಂಗೆ ಸೊಂಟ ಹಿಡ್ಕೊಂಡ್ಬಿಡ್ತು. ಅವರ ಅಂಗಿ ಹಾಕ್ಕೊಂಡು ನಾನೇ ಬಂದೆ."

"ಮೊದ್ಲೇ ಹೇಳ್ಬಾರ್ದಿತ್ತೇನಪ್ಪಾ?"

"ಬದುವಿನ ಹತ್ರ ಬಾಯಿ ಬಿಡ್ಬೇಡ ಅಂದಿದ್ಲು ಅಕ್ಕ. ಅಲ್ದೆ ನೀವು ಬಕೆಟ್ ಹತ್ರ ಮಾತಾಡ್ತಿದ್ರಿ, ಮಧ್ಯ ಬಾಯಿ ಹಾಕೋದು ಹೇಗೆ?"

ಅಣ್ಣನಿಗೆ ಆ ಹದಿನಾರನೇ ಬಿಲದೊಳಕ್ಕೇ ಇಳಿದುಬಿಡೋಣ ಅನ್ನಿಸಿತು. ಭಾವನಿಗೆ ಎಲ್ಲ ಹೇಳಲೇ ಎಂದು ಡ್ರೈವರ್ ಕೇಳಿದ. ಬೇಡ ಎಂದು ಅಣ್ಣ ಕೈ ಹಿಡಿದು ಕೇಳಿಕೊಂಡ. ಹೇಳುವುದಿದ್ದರೆ ತಾನೇ ಹೇಳಬೇಕು. ಒಳ್ಳೆಯ ಮನುಷ್ಯ, ಮಾತು ಕೊಟ್ಟು ಮಧ್ಯಾಹ್ನವೇ ಡ್ಯೂಟಿಗೆ ಹೊರಟುಹೋದ.

ಮೂರು ಗಂಟೆಗೆ ಇಲಾಖೆಯವರು ಬಂದು ಬದುವಿನುದ್ದಕ್ಕೂ ನಡೆದು ನೋಡಿದರು. ಹೊಗೆ ಹಾಕಲು ಮರೆತ ಹದಿನೇಳನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ತಣ್ಣಗಾಗಿತ್ತು. ಸಂಜೆ ಅದಕ್ಕೂ ಹೊಗೆ ಹಾಕಿ ಗಟ್ಟಿಯಾಗಿ ಮುಚ್ಚಿಬಿಡಿ, ಇನ್ನು ಐದಾರು ವರ್ಷ ನೀವಿಬ್ಬರೂ ಒಟ್ಟಿಗೆ ಬರುವ ಗೋಜೇ ಇರುವುದಿಲ್ಲ ಎಂದು ಅಣ್ಣನ ಅಂಗಳದಲ್ಲಿ ನಿಂತು ಬೆನ್ನು ತಟ್ಟಿದರು. ಗೋಡೆಯಾಚೆಯಿಂದಲೇ ಕೇಳಿಸಿಕೊಂಡ ಟೈಲರ್, ತಮ್ಮನ ಮನೆಗೂ ಈ ಮಾತನ್ನು ಹೊತ್ತುಕೊಂಡು ಓಡಿದ. ಈ ಸಲ ಮಾತ್ರ ಅಳತೆಯಲ್ಲಿ ಒಂದಿಂಚೂ ವ್ಯತ್ಯಾಸವಾಗಲಿಲ್ಲ.

ಹೊತ್ತು ಮುಳುಗುವಾಗ ಅಣ್ಣ ಮಡಕೆ, ಮಣ್ಣಿನ ಬುಟ್ಟಿ ಹಿಡಿದು ಹೊರಟ. ಅಂಗಿಯ ಜೇಬಿನಲ್ಲಿ, ಹೆಂಡತಿಗೆ ಕಾಣದ ಹಾಗೆ, ಎರಡು ಹಿಡಿ ಮೆಕ್ಕೆಜೋಳವಿತ್ತು. ಒಂದು ಜೊತೆ ಇಲಿಯಾದರೂ ಬದುಕಿ ಉಳಿದರೆ ಸಾಕು, ಉಳಿದದ್ದನ್ನು ಅವು ನೋಡಿಕೊಳ್ಳುತ್ತವೆ.

ಬಿಲದ ಬಾಯಲ್ಲಿ ಆಗಲೇ ಕಡಲೆಕಾಯಿ ಬೀಜದ ಗುಡ್ಡೆಯಿತ್ತು, ಹಲ್ಲಿಗೆ ಕಷ್ಟವಾಗದಿರಲೆಂದು ಸಿಪ್ಪೆ ಸುಲಿದು ಇಟ್ಟದ್ದು. ಅಣ್ಣನ ಹೊಲದಲ್ಲಿ ಕಡಲೆಕಾಯಿ ಇರಲಿಲ್ಲ. ಆಚೆಯ ಮೆತ್ತನೆ ಮಣ್ಣಿನಲ್ಲಿ ಎಳೆದಾಡಿದ ಹೆಜ್ಜೆಗಳು, ಪಕ್ಕದಲ್ಲೇ ಕೋಲು ಊರಿದ ಗುಳಿಗಳು. ತಲೆಯೆತ್ತಿದರೆ, ಸೊಂಟ ಹಿಡಿದುಕೊಂಡು ಕೋಲೂರುತ್ತ ತಮ್ಮ ಇನ್ನೂ ಬಾಗಿಲು ಮುಟ್ಟಿರಲಿಲ್ಲ.

ಕೂಗಿದರೆ ಕೇಳುವಷ್ಟೇ ದೂರ. ಅಣ್ಣ ಬಾಯಿ ತೆರೆದ. ಹೊರಗೆ ಬಂದದ್ದು ಬರೀ ಕೆಮ್ಮು.

ತಮ್ಮ ನಿಂತ. ತಿರುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೂ ಕೆಮ್ಮಿದ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಣ್ಣ ಕಡಲೆಬೀಜದ ಪಕ್ಕಕ್ಕೆ ಜೋಳ ಸುರಿದು, ಮಣ್ಣಿನ ಬುಟ್ಟಿಯನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದ. ಮುಚ್ಚಿದಿರೇನ್ರೀ ಎಂದು ಕೇಳಿದಳು ಹೆಂಡತಿ. ಮುಚ್ಚಿದೆ ಎಂದ.

ಮುಂದಿನ ಬಿತ್ತನೆಯ ಹೊತ್ತಿಗೆ ಬದುವಿನಲ್ಲಿ ನಲವತ್ತೊಂದು ಬಿಲಗಳಿದ್ದವು.