ಬೀರುವಿನೊಳಗಿನ ಆರು ಅಂಕಿ

ವಿಡಿಯೊ ನೋಡಿ ವಿದ್ಯೆ ಕಲಿತವರಲ್ಲಿ ಒಂದು ದೋಷವಿದೆ. ಅರ್ಧ ನೋಡುವಷ್ಟರಲ್ಲಿ ಪೂರ್ತಿ ತಿಳಿದುಬಿಟ್ಟಂತಾಗಿ, ಊರಿಗೆಲ್ಲ ಪಾಠ ಹೇಳಲು ಹೊರಟುಬಿಡುತ್ತೇವೆ. ನಾನೂ ಆ ಪೈಕಿ. ದೊಡ್ಡಬಳ್ಳಾಪುರದಲ್ಲಿ ನಮ್ಮ ದೊಡ್ಡಪ್ಪನಿಗೆ ಆರು ಪವರ್‌ಲೂಮ್‌ಗಳಿವೆ. ಅಲ್ಲಿ ನೇಯುವ ಸೀರೆಗಳ ಲೆಕ್ಕ ಬರೆಯುವವರು ಪದ್ಮಕ್ಕ. ಅವರ ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ತ್ಯಾಮಗೊಂಡ್ಲುವಿನ ಮನೆ ಬಿಟ್ಟು ದಿನಾ ಬರುವುದು ಅವರಿಗೆ ಆಗುತ್ತಿರಲಿಲ್ಲ. ಬೇರೆಯವರನ್ನು ಹುಡುಕೋಣ ಎಂದು ದೊಡ್ಡಪ್ಪ ಶುರುಮಾಡಿದಾಗ ನಾನು ಮುಂದೆ ಬಂದು, 'ಲೆಕ್ಕಾನೆಲ್ಲ ಆನ್‌ಲೈನ್ ಮಾಡ್ಬಿಡ್ತೀನಿ, ಅವ್ರು ಮನೆಯಿಂದ್ಲೇ ಬರೀಲಿ' ಎಂದೆ.

'ಒಂದು ತಿಂಗ್ಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಾಳೆಯಿಂದ ಕೆಲ್ಸ ಇಲ್ಲ ಅಂತ ಪದ್ಮಂಗೆ ನೀನೇ ಹೇಳ್ಬೇಕು' ಎಂದರು ದೊಡ್ಡಪ್ಪ.

ಲೆಕ್ಕ ಬರೆಯುವ ಆ್ಯಪ್ ಒಂದರಲ್ಲಿ ದೊಡ್ಡಪ್ಪನ ಹೆಸರಿನಲ್ಲಿ ಖಾತೆ ತೆರೆದು ಅದರ ಪಾಸ್‌ವರ್ಡನ್ನೇ ಪದ್ಮಕ್ಕನಿಗೂ ಕೊಟ್ಟೆ. ಆಮೇಲೆ ಭದ್ರತೆಯ ವಿಡಿಯೊ ನೋಡಿ ಗಾಬರಿಯಾಗಿ, ಯಾರು ಒಳಗೆ ಹೋದರೂ ಆರು ಅಂಕಿಯ ಕೋಡೊಂದು ಮನೆಯ ಹಳೇ ಫೋನಿಗೆ ಬರುವಂತೆ ಮಾಡಿದೆ. ಆ ಕೋಡಿನ ಆಯಸ್ಸು ಒಂದೇ ನಿಮಿಷ. ಅಷ್ಟಕ್ಕೆ ಸುಮ್ಮನಿರದೆ, 'ಇನ್ಮೇಲೆ ಈ ಫೋನೇ ನಮ್ಮ ತಿಜೋರಿ ಕೀಲಿ, ಯಾರ ಕೈಗೂ ಸಿಗಬಾರದು' ಎಂದು ಉಪದೇಶ ಮಾಡಿದೆ. ದೊಡ್ಡಮ್ಮ ಅದನ್ನು ರೇಷ್ಮೆ ಸೀರೆಗಳ ಕೆಳಗೆ ಸೇರಿಸಿ, ಕಬ್ಬಿಣದ ಬೀರುವಿಗೆ ಬೀಗ ಹಾಕಿ, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅವತ್ತಿನಿಂದ ನಾನು ಬೀರುವಿನ ಮುಂದಿನ ಕಾವಲುಗಾರನಾದೆ. ಪದ್ಮಕ್ಕ ಫೋನ್ ಮಾಡಿದ ಕೂಡಲೇ ದೊಡ್ಡಮ್ಮನನ್ನು ಕೂಗಬೇಕು. ಅವರು ಕೈ ಒರೆಸಿಕೊಂಡು ಬಂದು, ಹನ್ನೊಂದು ಕೀಲಿಗಳಲ್ಲಿ ಸರಿಯಾದ್ದನ್ನು ಹುಡುಕಿ, ಸೀರೆ ಎತ್ತುವಷ್ಟರಲ್ಲಿ ಕೋಡು ಸತ್ತಿರುತ್ತಿತ್ತು. ಫೋನನ್ನು ಒಳಗಿಟ್ಟು ಮತ್ತೆ ಬೀಗ ಹಾಕಿಬಿಡುತ್ತಿದ್ದರು. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಒಂದು ಬದುಕಿ ತ್ಯಾಮಗೊಂಡ್ಲು ತಲುಪುತ್ತಿತ್ತು.

ಹೇಗೋ ಇಪ್ಪತ್ತೊಂಬತ್ತು ದಿನ ತಳ್ಳಿದೆವು. ಮೂವತ್ತನೆಯ ದಿನ ಶುಕ್ರವಾರ. ಶುಕ್ರವಾರ ಪದ್ಮಕ್ಕನಿಗೆ ವಾರದ ರಜೆ; ಆದರೆ ಅಂದೇ ಸಂಜೆಯೊಳಗೆ ಜಿಎಸ್‌ಟಿ ರಿಟರ್ನ್ ಹೋಗಬೇಕು. ಪದ್ಮಕ್ಕನ ಫೋನ್ ಬಂತು. ದೊಡ್ಡಮ್ಮ ಅಲುಗಾಡಲಿಲ್ಲ.

'ಶುಕ್ರವಾರ ಬೀರುವಿಂದ ಏನೂ ಹೊರಗೆ ಕೊಡಲ್ಲ ಕಣೋ.'

'ಅದು ದುಡ್ಡಲ್ಲ ದೊಡ್ಡಮ್ಮ, ಬರೀ ನಂಬರು.'

'ತಿಜೋರಿ ಕೀಲಿ ಅಂದೋನು ನೀನೇ ತಾನೆ? ಶುಕ್ರವಾರ ಯಾರಾದ್ರೂ ತಿಜೋರಿ ಕೀಲೀನ ತ್ಯಾಮಗೊಂಡ್ಲುಗೆ ಕಳಿಸ್ತಾರಾ?'

ದೊಡ್ಡಪ್ಪನ ಕಡೆ ತಿರುಗಿದೆ. 'ಅವ್ಳು ಹೇಳೋದ್ರಲ್ಲಿ ತಪ್ಪೇನಿದೆ?' ಎಂದು ಅವರು ಮಗ್ಗದ ಕಡೆ ಹೋದರು. ಕೊನೆಗೆ ದೊಡ್ಡಮ್ಮನೇ ದಾರಿ ತೋರಿಸಿದರು. 'ಪದ್ಮನ್ನ ಇಲ್ಲಿಗೇ ಕರ್ಕೊಂಡ್ ಬಾ. ಮನೇಲೇ ಕೂತ್ಕೊಂಡ್ರೆ ಹೊರಗೆ ಕೊಟ್ಟಂಗಾಗಲ್ಲ.'

ಮನೆಯಿಂದಲೇ ಕೆಲಸ ಮಾಡಲೆಂದು ನಾನು ಏರ್ಪಾಡು ಮಾಡಿದ್ದ ಪದ್ಮಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಅವರು ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದರು. ದೊಡ್ಡಮ್ಮ ಕುಂಕುಮ ಕೊಟ್ಟು, ಬೀರು ತೆಗೆದು, ಕೋಡನ್ನು ಪದ್ಮಕ್ಕನ ಕಿವಿಯಲ್ಲಿ ಮಂತ್ರ ಹೇಳಿದ ಹಾಗೆ ಹೇಳಿದರು. ರಿಟರ್ನ್ ಹೋಯಿತು.

ಕಾಫಿ ಲೋಟ ಕೆಳಗಿಟ್ಟು ಪದ್ಮಕ್ಕ ಪರದೆಯ ಮೂಲೆಯನ್ನು ತೋರಿಸಿದರು. 'ಏನಪ್ಪಾ, ಇಲ್ಲಿ ಬೇರೆಯವ್ರನ್ನ ಸೇರಿಸಿ ಅಂತ ಇದೆಯಲ್ಲ. ನನ್ನ ಹೆಸರಲ್ಲೇ ಒಂದು ಮಾಡಿದ್ರೆ ಕೋಡು ನನ್ನ ಫೋನಿಗೇ ಬರಲ್ವಾ?'

ಬರುತ್ತಿತ್ತು. ಎರಡು ನಿಮಿಷದಲ್ಲಿ ಬಂತು ಕೂಡ. ಪಾಸ್‌ವರ್ಡ್ ಯಾರಿಗೂ ಹಂಚಬೇಡಿ, ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿ, ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ ಎಂದು ಆ ವಿಡಿಯೊದ ಉಳಿದರ್ಧದಲ್ಲಿ ಇತ್ತು. ಆಮೇಲೆ ನೋಡಿದೆ.

'ಅಂದ್ರೆ ಯಾರಿಗೆ ಎಷ್ಟು ಅಧಿಕಾರ ಅಂತ ನಾವೇ ಇಡ್ಬೋದಾ?' ದೊಡ್ಡಪ್ಪನಿಗೆ ಮೊದಲ ಬಾರಿಗೆ ಆನ್‌ಲೈನ್ ಮೇಲೆ ಪ್ರೀತಿ ಬಂತು. 'ಪದ್ಮಂಗೆ ಪೂರ್ತಿ ಕೊಡು. ಕೆಲ್ಸ ಅವಳ್ದೇ.'

ಪದ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

'ಮತ್ತೆ ನಂಗೆ, ದೊಡ್ಡಪ್ಪ?'

ಅವರು ಪರದೆಯ ಮೇಲಿನ ಅಧಿಕಾರಗಳ ಪಟ್ಟಿಯನ್ನು ನಿಧಾನವಾಗಿ ಓದಿ, ಕಟ್ಟಕಡೆಯ ಸಾಲಿನ ಮೇಲೆ ಬೆರಳಿಟ್ಟರು. ಈಗ ನಾನು ದಿನಾ ನನ್ನದೇ ಪಾಸ್‌ವರ್ಡ್ ಹಾಕಿ, ನನ್ನದೇ ಕೋಡು ಒತ್ತಿ ಒಳಗೆ ಹೋಗುತ್ತೇನೆ. ನೋಡಬಹುದು. ಮುಟ್ಟುವ ಹಾಗಿಲ್ಲ.