ಕೆಂಪು ಗುಂಡಿ ಒತ್ತಿದವರ ಪರವಾಗಿ

ಇಂದ:
ದೋಣಿ ಸವಾರಿಯ ಚಾಲಕಿ,
ಗವಿ ವಿಭಾಗ, ಹಿಂದಿನ ಗೇಟಿನ ಪಕ್ಕ,
ವಿನೋದ ಉದ್ಯಾನ.

ಗೆ:
ಅಭಿಪ್ರಾಯ ವಿಭಾಗದ ಮುಖ್ಯಾಧಿಕಾರಿಗಳು,
ಆಡಳಿತ ಕಟ್ಟಡ, ಎರಡನೇ ಮಹಡಿ
(ಲಿಫ್ಟು ಸಂದರ್ಶಕರಿಗೆ ಮಾತ್ರ).

ವಿಷಯ: ಊರಿನವರು ಒತ್ತಿದ ಕೆಂಪು ಗುಂಡಿಗಳನ್ನು ತಪ್ಪಾಗಿ ಓದಿಕೊಂಡಿರುವ ಬಗ್ಗೆ.

ಉಲ್ಲೇಖ: 1) ದೋಣಿ ಸವಾರಿ ಮುಚ್ಚುವ ತಮ್ಮ ಆದೇಶ.
2) ಅರ್ಜಿದಾರಳ ಸಹಿಗಾಗಿ ಕಳಿಸಿದ ಸಿದ್ಧ ಹೇಳಿಕೆ.
3) ಕಳೆದ ಶನಿವಾರ ತಮ್ಮ ಕೋಣೆಯಲ್ಲಿ ಅರ್ಜಿದಾರಳು ನಿಂತುಕೊಂಡು ಕೇಳಿದ ಮಾತು.

ಮಾನ್ಯರೇ,

ಹದಿನಾಲ್ಕು ವರ್ಷ ದೋಣಿ ನಡೆಸಿದ ಅರ್ಜಿದಾರಳಿಗೆ, ಈ ದೋಣಿ ಊರಿನ ಯಾರಿಗೂ ಬೇಡ ಎಂಬ ಕಾಗದಕ್ಕೆ ಸಹಿ ಹಾಕಲು ಹೇಳಲಾಗಿದೆ. ಗವಿಯನ್ನು ಒಡೆದು ಆ ಜಾಗದಲ್ಲಿ ಫೋಟೊ ತೆಗೆಸಿಕೊಳ್ಳುವ ಕಟ್ಟೆ ಕಟ್ಟಲಾಗುತ್ತದೆ. ಈ ಸಂಬಂಧ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಸದರಿ ದೋಣಿಯಲ್ಲಿ ಕೂತವರು ಕತ್ತಲ ಗವಿಯೊಳಗೆ ಏಳು ನಿಮಿಷ ನೀರಿನ ಮೇಲೆ ಸಾಗುತ್ತಾರೆ. ಮೂರನೇ ತಿರುವಿನಲ್ಲಿ ಸಿಮೆಂಟಿನ ಆನೆಯೊಂದಿದೆ. ಕಿವಿ ಮಾತ್ರ ರಬ್ಬರಿನದು. ಸದರಿ ಆನೆಯ ಎಡಗಿವಿ ಒಂದು ಕಾಲಕ್ಕೆ ಆಡುತ್ತಿತ್ತು. ಅದರ ಹಿಂದಿನ ಅಂಗೈಯಗಲದ ಮೋಟರು ಸುಟ್ಟು ನಾಲ್ಕು ವರ್ಷವಾಯಿತು. ಅಂದಿನಿಂದ ಆನೆ ಸುಮ್ಮನಿದೆ. ಅರ್ಜಿದಾರಳು ಸುಮ್ಮನಿರದೆ ಹನ್ನೊಂದು ರಿಪೇರಿ ಚೀಟಿ ಬರೆದಿದ್ದಾಳೆ.

2. ಉದ್ಯಾನದ ಹಿಂಗೋಡೆಗೆ ಊರಿನ ಎರಡು ಬೀದಿಗಳ ಹಿತ್ತಿಲು ತಗುಲಿಕೊಂಡಿದೆ. ರೋಲರ್ ಕೋಸ್ಟರ್ ಇಳಿಯುವಾಗ ಜನ ಕಿರುಚುವುದು ಆ ಮನೆಗಳ ಒಳಕೋಣೆಗೂ ಕೇಳುತ್ತದೆ. ಅಲ್ಲಿನ ತಾಯಂದಿರು ಎರಡು ಕಿರುಚಾಟಗಳ ನಡುವೆ ಜೋಗುಳ ಮುಗಿಸಬೇಕು. ಈ ಕಾರಣ ಆ ಬೀದಿಗಳವರಿಗೆ ವಾರದ ದಿನಗಳಲ್ಲಿ ಪುಕ್ಕಟೆ ಪಾಸು ಕೊಡಲಾಗಿದೆ. ಅದು ಕೊಡುಗೆ ಎಂದು ತಮ್ಮ ಕಡತದಲ್ಲಿದೆ. ಅದು ಬಾಡಿಗೆ ಎಂದು ಬೀದಿಯಲ್ಲಿದೆ. ಆದ್ದರಿಂದ ಅವರು ಉದ್ಯಾನಕ್ಕೆ ಹಿತ್ತಿಲಿಗೆ ಬಂದಂತೆ ಬರುತ್ತಾರೆ; ಕಸ ಬಿದ್ದಿದ್ದರೆ ಯಾಕೆ ಗುಡಿಸಿಲ್ಲವೆಂದು ಕೇಳುತ್ತಾರೆ.

3. ನಗುವ ಹಸಿರು ಮುಖ, ಪೆಚ್ಚಾದ ಹಳದಿ ಮುಖ, ಮುನಿದ ಕೆಂಪು ಮುಖ, ಹೀಗೆ ಮೂರು ಗುಂಡಿಗಳಿರುವ ಅಭಿಪ್ರಾಯ ಯಂತ್ರವನ್ನು ಎರಡು ವರ್ಷದ ಹಿಂದೆ ದೋಣಿ ಇಳಿಯುವ ಬಾಗಿಲಲ್ಲಿ ನಿಲ್ಲಿಸಲಾಯಿತು. ಪಾಸು ತೋರಿಸಿ ಒತ್ತಿದ್ದನ್ನು ಯಂತ್ರ ಊರವರ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಆ ವಾರವೇ ಪಂಪು ಕೆಟ್ಟು ದೋಣಿಗಳು ನಡುಗವಿಯಲ್ಲಿ ನಿಂತವು. ಜನ ಸಿಟ್ಟಿಗೆ ಕೆಂಪು ಒತ್ತಿದರು. ಮರುದಿನವೇ ಮೆಕ್ಯಾನಿಕ್ ಬಂದ. ಅವನು ಬಂದದ್ದು ನಿರ್ದೇಶಕರ ಮೊಮ್ಮಗಳು ದೋಣಿ ಹತ್ತುವವಳಿದ್ದಳೆಂಬ ಕಾರಣಕ್ಕೆ. ಇದು ಅರ್ಜಿದಾರಳಿಗೆ ಕಳೆದ ಶನಿವಾರ ತಮ್ಮ ಬಾಯಿಂದ ತಿಳಿಯಿತು. ಅಲ್ಲಿಯವರೆಗೆ ಕೆಂಪು ಎಂದರೆ ಮೆಕ್ಯಾನಿಕ್ಕನ್ನು ಕರೆಯುವ ಗುಂಡಿ ಎಂದೇ ಆಕೆ ನಂಬಿದ್ದಳು. ನಂಬಿ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ದೋಣಿ ಹತ್ತಿದ ಊರವರಿಗೆಲ್ಲ, "ಕಿವಿ ಆಡಬೇಕಾ? ಹೋಗ್ತಾ ಕೆಂಪು ಒತ್ತಿ ಹೋಗಿ" ಎಂದು ಹೇಳಿಕೊಟ್ಟಳು. ಆದಕಾರಣ ತಮ್ಮ ಪಟ್ಟಿಯಲ್ಲಿರುವ ಸಾವಿರದ ಒಂಬೈನೂರ ಆರು ಕೆಂಪುಗಳಿಗೆ ಮೂಲ ಅರ್ಜಿದಾರಳ ನಾಲಿಗೆ.

4. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿರುವ ದರ್ಜಿಯಣ್ಣ ಪ್ರತಿ ಮಂಗಳವಾರ ಬರುತ್ತಾರೆ. ಇಳಿದ ಮೇಲೆ ಮೂರು ಸಲ ಕೆಂಪು ಒತ್ತುತ್ತಾರೆ: ಕಿವಿಗೊಂದು, ಜೋತುಬಿದ್ದ ಮೊಸಳೆ ದವಡೆಗೊಂದು, ಸೂರಿನಿಂದ ಕುತ್ತಿಗೆಗೆ ತೊಟ್ಟಿಕ್ಕುವ ನೀರಿಗೊಂದು. ಹಿಂದೆ ನಿಂತ ಇಸ್ತ್ರಿ ಅಂಗಡಿಯ ಅಕ್ಕ, "ಬೇಗ ಬೈದು ಮುಗ್ಸಣ್ಣಾ, ನಮಗೂ ಬೈಯೋದಿದೆ" ಎನ್ನುತ್ತಾಳೆ. ಒತ್ತಿಯಾದ ಮೇಲೆ ಇಬ್ಬರೂ ಮತ್ತೆ ಸಾಲಿಗೆ ಬಂದು ನಿಲ್ಲುತ್ತಾರೆ. ಬೇಡವಾದ ದೋಣಿಯನ್ನು ಒಂದೇ ಮಧ್ಯಾಹ್ನ ಎರಡು ಸಲ ಹತ್ತುವವರನ್ನು ಎಣಿಸುವ ಸೌಲಭ್ಯ ತಮ್ಮ ಯಂತ್ರದಲ್ಲಿಲ್ಲ.

5. ಹೊರಗಿನಿಂದ ಬಂದವರು ಹಸಿರು ಒತ್ತುತ್ತಾರೆ. ಅವರ ಮೇಲೆ ಅರ್ಜಿದಾರಳಿಗೆ ದೂರಿಲ್ಲ. ಭುಜದವರೆಗೆ ತೊಯ್ದು ಇಳಿದ ಒಬ್ಬ ತಾಯಿ, ಇಬ್ಬರು ಮಕ್ಕಳನ್ನು ಎದುರಿಗಿಟ್ಟುಕೊಂಡು ಹಸಿರು ಒತ್ತಿದಳು. "ಬಟ್ಟೆಯೆಲ್ಲಾ ನೆಂದಿದೆಯಲ್ಲಮ್ಮಾ, ಆದ್ರೂ ಹಸಿರಾ?" ಎಂದು ಅರ್ಜಿದಾರಳು ಕೇಳಿದಳು. "ಈ ರಜಕ್ಕೆ ಅಂತ ಎರಡು ವರ್ಷ ಕಾದಿದ್ದೀವಿ ಅಕ್ಕಾ. ಚೆನ್ನಾಗಿಲ್ಲ ಅಂತ ಮಕ್ಕಳೆದುರು ಹೇಗೆ ಹೇಳ್ಲಿ?" ಎಂದಳು. ಆನೆಯ ಕಿವಿ ಆಡುತ್ತಿರಲಿಲ್ಲವಲ್ಲ ಎಂದದ್ದಕ್ಕೆ, "ಅದು ಆಡೋ ಕಿವಿನಾ?" ಎಂದಳು. ನೆಂಟರು ಅಡುಗೆ ಚೆನ್ನಾಗಿದೆ ಎಂದು ಕೈತೊಳೆದು ಹೋಗುತ್ತಾರೆ. ಉಪ್ಪು ಕಮ್ಮಿ ಎನ್ನುವವರು ನಾಳೆಯೂ ಅದೇ ಮಣೆಯ ಮೇಲೆ ಕೂರುವವರು.

6. ಕಳೆದ ಶನಿವಾರ ತಮ್ಮ ಕೋಣೆಯಲ್ಲಿ ತಾವು, "ನಿಮ್ಮೂರಿನವರಿಗೇ ಬೇಡವಾದದ್ದನ್ನ ನಾವ್ಯಾಕಮ್ಮಾ ಸಾಕ್ಬೇಕು?" ಎಂದು ಕೇಳಿದಿರಿ.

"ಬೇಡ ಅಂತಲ್ಲ ಸಾರ್. ಅದು ಬೈಗುಳ."

"ಬೈಗುಳಕ್ಕೆ ಗುಂಡಿ ಇಲ್ಲ."

ನಂತರ ತಾವು ದೊಡ್ಡ ಮನಸ್ಸು ಮಾಡಿ ಒಂದು ವಾರ ಕೊಟ್ಟಿರಿ. ಬಾಗಿಲಲ್ಲಿ ನಿಂತು ಊರವರಿಂದ ಹಸಿರು ಒತ್ತಿಸಬೇಕು. ಅರ್ಧಕ್ಕರ್ಧ ಹಸಿರಾದರೆ ಆದೇಶ ಹಿಂದಕ್ಕೆ. ಆಗದಿದ್ದರೆ ಸೋಮವಾರ ಹೇಳಿಕೆಗೆ ಸಹಿ. "ಸಹಿ ಹಾಕಿದ್ರೆ ಫೋಟೊ ಕಟ್ಟೇಲಿ ಕೆಲಸ ಇದೆ. ಕೂತ್ಕೊಂಡು ಮಾಡೋದು. ಹಾಕ್ದೇ ಇದ್ರೆ ಆ ಕೆಲಸಾನೂ ಇಲ್ಲ." ಅರ್ಜಿದಾರಳ ಮೊಣಕಾಲುಗಳು ಈ ಮಾತನ್ನು ಗಮನವಿಟ್ಟು ಕೇಳಿದವು.

7. ಅರ್ಜಿದಾರಳು ಆದೇಶ ಪಾಲಿಸಿದಳು. ಮಂಗಳವಾರ ಯಂತ್ರದ ಪಕ್ಕ ನಿಂತು ದರ್ಜಿಯಣ್ಣನಿಗೆ ಹೇಳಿದಳು: "ಅಣ್ಣಾ, ಇವತ್ತು ಹಸಿರು ಒತ್ತಿ."

"ಯಾಕೆ, ಕಿವಿ ಆಡ್ತಾ?"

"ಇಲ್ಲ. ಒತ್ತದಿದ್ರೆ ಆನೇನೇ ಒಡೀತಾರಂತೆ."

ದರ್ಜಿಯಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಐವತ್ತು ವರ್ಷ ಅಳತೆ ತಗೊಂಡಿದ್ದೀನಿ ತಂಗೀ. ಹೊಟ್ಟೆ ಬಂದೋರು ಉಸಿರು ಎಳ್ಕೊಂಡು ನಿಲ್ತಾರೆ, ಅಳತೆ ಕಮ್ಮಿ ಬರ್ಲಿ ಅಂತ. ಅದನ್ನೇ ಬರ್ಕೊಂಡು ಹೊಲಿದ್ರೆ ಆ ಬಟ್ಟೆ ಯಾರಿಗಾಗುತ್ತೆ?"

"ನನ್ನ ಕೆಲಸ ಹೋಗುತ್ತೆ ಅಣ್ಣಾ."

"ನಿನ್ನ ಕೆಲಸಕ್ಕೆ ಬೇರೆ ಗುಂಡಿ ಇದ್ರೆ ತೋರ್ಸು, ಎರಡು ಕೈಯಲ್ಲೂ ಒತ್ತುತ್ತೀನಿ. ಇದು ಕಿವಿಯ ಗುಂಡಿ." ಮೂರು ಸಲ ಕೆಂಪು ಒತ್ತಿದರು. ಇಸ್ತ್ರಿ ಅಕ್ಕ, "ಸುಳ್ಳು ಹೇಳಿ ಊರು ಬಿಡೋಕೆ ನಾವೇನು ಟೂರಿಸ್ಟಾ?" ಎಂದು ತನ್ನದನ್ನೂ ಒತ್ತಿದಳು.

ಅರ್ಜಿದಾರಳಿಗೆ ಇಬ್ಬರ ಮೇಲೂ ಕೆಟ್ಟ ಕೋಪ ಬಂದದ್ದು ನಿಜ. ಅನ್ನದ ಪ್ರಶ್ನೆ. ಬುಧವಾರವೂ ನಿಂತಳು, ಗುರುವಾರವೂ ನಿಂತಳು. ವಾರದ ಕೊನೆಗೆ ಊರವರ ಹಸಿರು ಒಟ್ಟು ನಾಲ್ಕು. ಅದರಲ್ಲಿ ಒಂದು, ಗುಂಡಿ ಎಟುಕದ ಮಗು ಕೈಗೆ ಸಿಕ್ಕಿದ್ದನ್ನು ಒತ್ತಿದ್ದು. ಕೋಪ ಇಳಿದ ಮೇಲೆ ಆಕೆ ಸಿದ್ಧ ಹೇಳಿಕೆಯನ್ನು ಎರಡು ಸಲ ಓದಿದಳು. "ಊರಿನವರಿಗೆ ಈ ಸವಾರಿ ಬೇಡವಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಅದರಲ್ಲಿದೆ. ಅರ್ಜಿದಾರಳ ಕಣ್ಣು ಚೆನ್ನಾಗಿದೆ.

ಆದ್ದರಿಂದ ಮೇಲ್ಕಂಡ ಕಾರಣಗಳನ್ನೆಲ್ಲ ಪರಿಶೀಲಿಸಿ, ಊರವರ ಕೆಂಪುಗಳನ್ನು "ತಿರಸ್ಕಾರ" ಎಂಬ ಕಾಲಮಿನಿಂದ ತೆಗೆದು "ಹಾಜರಿ" ಎಂಬ ಕಾಲಮಿಗೆ ವರ್ಗಾಯಿಸಬೇಕೆಂದು ಕೋರಿದೆ. ಗವಿ ಒಡೆಯುವುದೇ ಖಚಿತವಾದಲ್ಲಿ, ಕಾರಣ ಬರೆಯುವ ಜಾಗದಲ್ಲಿ "ಊರಿಗೆ ಬೇಡ" ಎಂಬುದನ್ನು ಹೊಡೆದುಹಾಕಿ "ನಮಗೆ ಬೇಡ" ಎಂದು ತಾವೇ ಬರೆದು, ಕೆಳಗೆ ತಾವೇ ಸಹಿ ಹಾಕಬೇಕಾಗಿ ವಿನಂತಿ.

ಸೋಮವಾರದವರೆಗಂತೂ ತಮ್ಮ ವಿಶ್ವಾಸಿಯಾದ,
ದೋಣಿ ಚಾಲಕಿ

ಲಗತ್ತುಗಳು:
1. ರಿಪೇರಿ ಚೀಟಿಗಳ ನಕಲು, ಹನ್ನೊಂದು.
2. ಸುಟ್ಟ ಮೋಟರು, ಒಂದು (ಕಾಗದದಲ್ಲಿ ಸುತ್ತಿದೆ, ಮಸಿ ಹತ್ತೀತು).
3. ಸಿದ್ಧ ಹೇಳಿಕೆ, ಮೂಲಪ್ರತಿ. ಸಹಿಯ ಜಾಗ ಖಾಲಿ ಇದೆ. ಮರೆತದ್ದಲ್ಲ.