ನಮ್ಮ ಅತ್ತೆಯ ನರಿ

ಟಿವಿಯಲ್ಲಿ ನರಿಯ ಬಾಯಿಂದ ಮೊಲ ತಪ್ಪಿಸಿಕೊಂಡರೆ ಲೋಕವೆಲ್ಲ ಚಪ್ಪಾಳೆ ತಟ್ಟುತ್ತದೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವಳು ಇಡೀ ಕಿರುಗಾವಲು ಊರಿನಲ್ಲಿ ಒಬ್ಬಳೇ, ನಮ್ಮ ಅತ್ತೆ!

ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ. ಆ ಧೈರ್ಯ ಇನ್ನೂ ಯಾರೂ ಮಾಡಿಲ್ಲ. ಇವಳು ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಮನೆಯಲ್ಲಿ ಇರುವುದು ನಾವಿಬ್ಬರೇ. ಹೋದ ಬೇಸಿಗೆಯಿಂದ ಲೆಕ್ಕಕ್ಕೆ ಒಂದು ನರಿಯೂ ಸೇರಿದೆ.

ಅದು ಮಕ್ಕಳ ಚಾನೆಲ್ಲಿನ ಕಾರ್ಟೂನ್ ನರಿ. ಮಾತಿಲ್ಲ, ಕತೆಯಿಲ್ಲ. ಮೊಲವನ್ನು ಅಟ್ಟುತ್ತದೆ, ಬಂಡೆಗೆ ಬಡಿದು ಚಪಾತಿಯಾಗುತ್ತದೆ, ಮೈಕೊಡವಿ ಎದ್ದು ಮತ್ತೆ ಅಟ್ಟುತ್ತದೆ. ಇಂಥ ತುಣುಕುಗಳು ಮಧ್ಯಾಹ್ನವಿಡೀ ಒಂದರ ಹಿಂದೊಂದು ಬರುತ್ತವೆ. ಹೊರಗೆ ಬಿಸಿಲಿಗೆ ಬೀದಿಯೇ ತೂಕಡಿಸುತ್ತಿರುತ್ತದೆ. ನಡುಮನೆಯ ಅರೆಗತ್ತಲಲ್ಲಿ ಟಿವಿಯ ಹಸಿರು, ನೀಲಿ ಬೆಳಕು ಗೋಡೆಯ ಮೇಲೆ ಕೆರೆಯ ನೀರಿನಂತೆ ಅಲುಗುತ್ತದೆ. ಆ ಬೆಳಕಿನ ನಡುವೆ ಅತ್ತೆ ಅರೆಗಣ್ಣಲ್ಲಿ ಕೂತಿರುತ್ತಾಳೆ. ಎದುರಿಗೆ ಮುಚ್ಚಿಟ್ಟ ಊಟದ ತಟ್ಟೆ.

"ಉಣ್ಣದೆ ಯಾಕೆ ಕೂತಿದ್ದೀಯ?" ಎಂದು ಕೆಲಸದ ನಡುವೆ ಫೋನಿನಲ್ಲಿ ಕೇಳಿದರೆ, "ಅದು ಬೆಳಿಗ್ಗಿಂದ ಅಸ್ಕಂಡು ಓಡ್ತಾ ಐತೆ ಕಣ್ಲಾ. ಅದ್ರ ಮುಂದೆ ನಾನೆಂಗೆ ಉಣ್ಲಿ?" ಎನ್ನುತ್ತಾಳೆ.

ಇದಕ್ಕೆ ಏನು ಹೇಳುತ್ತೀರಿ? ಹಸಿದವರನ್ನು ಕಂಡರೆ ಅತ್ತೆಗೆ ಆಗುವುದಿಲ್ಲ. ನಮ್ಮ ಮನೆಯ ಬಾಗಿಲಿಗೆ ಬಂದವರಿಗೆ ಅವಳು ಕೇಳುವ ಮೊದಲ ಪ್ರಶ್ನೆ "ಉಂಡ್ರಾ?" ಯಾರು, ಯಾಕೆ ಬಂದಿರಿ ಎಂಬುದೆಲ್ಲ ಆಮೇಲೆ. ಕರೆಂಟು ಮೀಟರ್ ನೋಡಲು ಬಂದವರು ಎರಡು ಮುದ್ದೆ ಉಂಡು, ಕಟ್ಟೆಯ ಮೇಲೆ ಒಂದು ನಿದ್ದೆ ತೆಗೆದು, ಮೀಟರನ್ನೇ ಮರೆತು ಹೋದದ್ದುಂಟು! ಮನೆಯವರೆಲ್ಲ ಉಂಡ ಮೇಲೆಯೇ ತಾನು ಉಣ್ಣುವುದು ಅವಳ ಹುಟ್ಟುಹಠ.

ಈ ಹಠ ಈಗ ಅಪಾಯಕ್ಕೆ ಬಂದಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಒಂದು ಗಂಟೆಗೆ ಮಾತ್ರೆ, ನುಂಗಿದ ಕೂಡಲೇ ಊಟ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ನಾನು ಮಳವಳ್ಳಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಡಿಸೈನ್ ಮಾಡುವವನು; ಬೆಳಗಿನ ಪಾಳಿ ಮುಗಿಸಿ ಮನೆ ಸೇರುವಾಗ ಎರಡೂವರೆ. ಒಂದು ದಿನ ಬಂದು ನೋಡಿದರೆ ಅತ್ತೆ ಬೆವೆತು, ಕೈ ನಡುಗುತ್ತ ಗೋಡೆಗೊರಗಿ ಕೂತಿದ್ದಳು. ಮಾತ್ರೆ ನುಂಗಿ ನನಗಾಗಿ ಕಾದಿದ್ದಳು! ಸಕ್ಕರೆ ನೀರು ಕುಡಿಸಿ, ಹೆದರಿಕೆಗೆ ಬಾಯಿಗೆ ಬಂದಂತೆ ಬೈದೆ. "ಇನ್ಮೇಲೆ ನನಗೋಸ್ಕರ ಕಾದರೆ ನಾನು ಮನೆಗೇ ಬರಲ್ಲ ನೋಡು!"

"ಆಯ್ತು ಬುಡು, ನಿನಗೋಸ್ಕರ ಕಾಯಕ್ಕಿಲ್ಲ" ಎಂದಳು. ಅದಾಗಿ ವಾರಕ್ಕೆ ಈ ನರಿ ಗಂಟುಬಿತ್ತು.

ಪಕ್ಕದ ಮನೆಯ ಜಯಮ್ಮ ಮೊಲದ ಪಕ್ಷ. "ನರಿಗೆ ಸಿಕ್ಬುಟ್ರೆ ಮೊಲದ ಪ್ರಾಣ ಏನಾಗ್ಬೇಕಕ್ಕಾ?" ಎಂದು ಕೇಳಿದಳು.

"ಮೊಲ ತಿನ್ಲಿ ಅಂತ ನಾನೆಲ್ಲಿ ಅಂದೆ? ಅಷ್ಟು ದೊಡ್ಡ ಕಾಡಲ್ಲಿ ಅದ್ಕೊಂದು ಮುದ್ದೆ ಇಕ್ಕೋರು ಯಾರೂ ಇಲ್ವಾ ಅಂತ ಕಣಮ್ಮ!"

ನಾನು ಬಾಗಿಲು ದಾಟುವ ಹೊತ್ತಿಗೆ ಟಿವಿ ಆರಿರುತ್ತಿತ್ತು. "ಇವತ್ತೂ ಅದ್ಕೆ ಮೊಲ ಸಿಕ್ನಿಲ್ಲ. ಬಾ, ಉಣ್ಣಾನ" ಎಂದು ತಟ್ಟೆ ತೆರೆಯುತ್ತಿದ್ದಳು. ಭಾನುವಾರ ಮಾತ್ರ ಒಂದು ಗಂಟೆಗೆ ಸರಿಯಾಗಿ ನನ್ನ ಜೊತೆ ಉಂಡುಬಿಡುವಳು. ನರಿಯ ಗತಿಯೇನು ಎಂದರೆ, "ಅದ್ಕೂ ಒಂದಿನ ರಜ ಬ್ಯಾಡ್ವಾ?" ಎಂಬ ಉತ್ತರ!

ಕೊನೆಗೆ ನಾನೇ ನರಿಗೆ ಊಟ ಹಾಕಲು ನಿರ್ಧರಿಸಿದೆ. ಅಂಗಡಿಯ ಕಂಪ್ಯೂಟರಿನಲ್ಲಿ, ಹುಟ್ಟುಹಬ್ಬದ ಬ್ಯಾನರುಗಳ ನಡುವೆ ಕದ್ದುಮುಚ್ಚಿ ನನ್ನದೇ ಒಂದು ನರಿ ಬರೆಯತೊಡಗಿದೆ. ಕದ್ದು ಮಾಡಿದ ಕೆಲಸ ಸುಮ್ಮನೆ ಬಿಡುತ್ತದೆಯೇ? ಯುವ ಮುಖಂಡರೊಬ್ಬರ ಬ್ಯಾನರಿನಲ್ಲಿ, 'ಶುಭ ಕೋರುವವರು' ಸಾಲಿನ ಕೊನೆಗೆ ನರಿಯೂ ಅಚ್ಚಾಗಿ ಹೋಯಿತು! ಎರಡು ದಿನ ಅದು ಸರ್ಕಲ್ಲಿನಲ್ಲಿ ನಗುತ್ತ ನೇತಾಡಿತು. ಮೂರನೆಯ ದಿನ ಮುಖಂಡರು ಅಂಗಡಿಗೆ ಬಂದು ಕೇಳಿದ್ದು ಒಂದೇ ಮಾತು: "ಕೊನೇಲಿ ಇರೋನು ಯಾವೂರೋನ್ಲಾ? ಮೀಟಿಂಗಲ್ಲಿ ಕಂಡಂಗೈತೆ."

ಹೇಗೋ ನನ್ನ ಕಾರ್ಟೂನ್ ಚಿತ್ರ ಮುಗಿಯಿತು. ಬರೀ ಎರಡು ನಿಮಿಷದ್ದು. ಕಬ್ಬಿನ ಸೂಲಂಗಿ ಹೂ ಬೆಳ್ಳಗೆ ತೂಗುವ ಗದ್ದೆಗಳ ನಡುವೆ ನರಿ ಮೊಲವನ್ನು ಅಟ್ಟುತ್ತದೆ. ನಾಲೆಗೆ ಬೀಳುತ್ತದೆ, ಎತ್ತಿನ ಗಾಡಿಗೆ ಗುದ್ದಿಕೊಳ್ಳುತ್ತದೆ. ಓಡಿ ಓಡಿ ಇಬ್ಬರೂ ಸೋತು, ಓಟವೇ ಕನಸಿನಂತೆ ನಿಧಾನವಾಗಿ, ಕಾಲು ನೆಲಕ್ಕೆ ತಾಗದೆ ತೇಲುತ್ತ ಒಂದು ಹೆಂಚಿನ ಮನೆಯ ಮುಂದೆ ಬಂದು ನಿಲ್ಲುತ್ತಾರೆ. ಬಾಗಿಲಲ್ಲಿ ಅತ್ತೆ. ಜಗಲಿಯ ಮೇಲೆ ಎರಡು ತಟ್ಟೆ, ಎರಡು ಮುದ್ದೆ, ಬಸ್ಸಾರಿನ ಹಬೆ. ಉಂಡ ನರಿ ಅಲ್ಲೇ ಮಲಗುತ್ತದೆ. ಅದರ ಹೊಟ್ಟೆಯ ಮೇಲೆ ತಲೆಯಿಟ್ಟು ಮೊಲವೂ ನಿದ್ದೆ ಹೋಗುತ್ತದೆ.

ಒಂದು ಗಂಟೆಗೆ ಸರಿಯಾಗಿ ಅದನ್ನು ಅತ್ತೆಯ ಮೊಬೈಲಿಗೆ ಕಳಿಸಿ, ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿದೆ. ಅತ್ತೆಯ ಮುಖ ಪರದೆಯ ತುಂಬ ಅರಳಿತ್ತು.

"ನೋಡ್ದೆ ಕಣ್ಲಾ! ಸದ್ಯ, ಹೊಟ್ತುಂಬ ಉಂತು. ಆ ಮೊಲಕ್ಕೂ ಇಕ್ಕಿದ್ಯಲ್ಲ, ಒಳ್ಳೇದಾಯ್ತು."

"ಮಾತ್ರೆ ತಗೊಂಡ್ಯಾ?"

"ಊಂ."

"ಹಾಗಾದರೆ ತಟ್ಟೆ ತೆಗಿ. ಉಣ್ಣು."

ಅತ್ತೆ ತಟ್ಟೆಯ ಕಡೆ ನೋಡಿದಳು. ಮುಚ್ಚಳ ಮುಟ್ಟಲಿಲ್ಲ.

"ಇನ್ನೇನತ್ತೆ? ನರಿ ಉಂತಲ್ಲ!"

"ಅದು ಉಂತು ಕಣ್ ಮಗ" ಎಂದಳು ಮೆಲ್ಲಗೆ. "ನೀನ್ ಉಂಡಿಲ್ವಲ್ಲ."

ನಾನೆಂಥ ದಡ್ಡ! ನನಗೆ ಕಾಯಬೇಡ ಎಂದು ಬೈದಿದ್ದೆ, ಅವಳು ಪಾಪ ನರಿಯ ಹೆಸರಿನಲ್ಲಿ ಕಾದಿದ್ದಳು. ದಿನವೂ ಎರಡೂವರೆಗೆ ನಾನು ಬರುವ ಬಸ್ಸು ಹಾರನ್ ಹೊಡೆದ ಮೇಲೆಯೇ ಆ ಟಿವಿ ಆರುತ್ತಿತ್ತು. ಪಕ್ಕದ ಅಂಗಡಿಯಿಂದ ಒಂದು ಬನ್ನು ತರಿಸಿ ಅವಳ ಕಣ್ಣೆದುರಿಗೇ ತಿಂದೆ, ಆಮೇಲೆ ಅವಳು ಉಂಡಳು.

ಮರುದಿನದಿಂದ ಡಬ್ಬಿ ಒಯ್ಯುತ್ತಿದ್ದೇನೆ. ಬೆಳಿಗ್ಗೆ ಕಟ್ಟಿದ ಮುದ್ದೆ ಮಧ್ಯಾಹ್ನಕ್ಕೆ ಗುಂಡುಕಲ್ಲಾಗಿರುತ್ತದೆ, ಆದರೂ ಸರಿ. ಒಂದು ಗಂಟೆಗೆ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸುತ್ತೇನೆ. ಅತ್ತ ಅತ್ತೆ ತನ್ನ ತಟ್ಟೆ ಇಟ್ಟುಕೊಂಡು ಕೂತಿರುತ್ತಾಳೆ. ನಾನು ಮೊದಲ ತುತ್ತು ನುಂಗಿ, ಮೂವತ್ತೈದು ವರ್ಷದ ಗಂಡಸು, ಬಾಯಿ ತೆರೆದು ತೋರಿಸುತ್ತೇನೆ. ಆಮೇಲೆ ಅವಳು ಮುದ್ದೆ ಮುರಿಯುತ್ತಾಳೆ.